ವೆಂಕಟಲಕ್ಷ್ಮಿಯವರ ರೈಫಲ್ಲೂ ಎರಡು ಮುರಿದ ಸ್ಕ್ರೂಗಳೂ

ಮಧ್ವರಾಜರಿಗೆ ಮನೆಯಲ್ಲಿ ಏನಾದರೂ ಸಡಿಲವಾಗಿದೆ ಅಂದರೆ ಸಮಾಧಾನವಿರುತ್ತಿರಲಿಲ್ಲ. ಬಂದರಿನ ಕಚೇರಿಯಲ್ಲಿ ಇಡೀ ಜೀವಮಾನ ಲೆಕ್ಕ ಬರೆದು ನಿವೃತ್ತರಾದ ಮೇಲೆ ಅವರ ಕೈಗೆ ಪೆನ್ನಿನ ಬದಲು ಸ್ಕ್ರೂಡ್ರೈವರ್ ಬಂದಿತ್ತು. ಕುಕ್ಕರಿನ ಹಿಡಿ, ಬಾಗಿಲ ಚಿಲಕ, ಊಟದ ಮೇಜಿನ ಕಾಲು, ಬಾತ್‌ರೂಮಿನ ನಲ್ಲಿ, ಎಲ್ಲಕ್ಕೂ ಅವರು ಇನ್ನೊಂದು ಸುತ್ತು ಕೊಟ್ಟೇ ತೀರುತ್ತಿದ್ದರು. ಅದರ ಫಲವಾಗಿ ಆ ಮನೆಯಲ್ಲಿ ಏನನ್ನು ಬಿಚ್ಚಬೇಕಾದರೂ ಅವರನ್ನೇ ಕರೆಯಬೇಕಿತ್ತು. ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಕೂಡ.

ಅವರು ಕೈ ಹಾಕದೆ ಬಿಟ್ಟಿದ್ದ ವಸ್ತು ಒಂದೇ ಒಂದು. ಅದು ಅವರ ಹೆಂಡತಿಯ ರೈಫಲ್.

ವೆಂಕಟಲಕ್ಷ್ಮಿಯವರು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಕಾಲೇಜಿನ ಎನ್‌ಸಿಸಿ ಕೂಡ ಅವರದೇ ಉಸ್ತುವಾರಿ. ಖಾಕಿ ಸೀರೆಯುಟ್ಟು ಹುಡುಗಿಯರನ್ನು ಕ್ಯಾಂಪಿಗೆ ಕರೆದುಕೊಂಡು ಹೋಗಿ, ನೆಲದ ಮೇಲೆ ಬೋರಲು ಮಲಗಿ ಪಾಯಿಂಟ್ ಟೂ ಟೂ ರೈಫಲಿನಿಂದ ಗುರಿ ಹೊಡೆಯುವುದನ್ನು ಹೇಳಿಕೊಡುತ್ತಿದ್ದರು. ನಿವೃತ್ತಿಯಾದಾಗ ಎಲ್ಲರೂ ಕಾಶಿ, ಬದರಿ ಅಂತ ಹೇಳುತ್ತಿದ್ದರೆ, ಆಕೆ ಲೈಸೆನ್ಸಿಗೆ ಅರ್ಜಿ ಹಾಕಿ, ರೈಫಲ್ ಕ್ಲಬ್ಬಿನ ಹಿರಿಯರೊಬ್ಬರ ಹಳೆಯ ರೈಫಲ್ಲನ್ನು ಕೊಂಡುಕೊಂಡರು. ಅಂದಿನಿಂದ ಭಾನುವಾರ ಬೆಳಗ್ಗೆ ತುಳಸಿಗೆ ನೀರು ಹಾಕಿ, ಸ್ತೋತ್ರ ಮುಗಿಸಿ, ಉದ್ದನೆಯ ಪೆಟ್ಟಿಗೆ ಹಿಡಿದು ಕ್ಲಬ್ಬಿನ ರೇಂಜಿನಲ್ಲಿ ಗುರಿ ಹೊಡೆಯಲು ಆಟೋ ಹತ್ತುವುದು ವಾಡಿಕೆಯಾಯಿತು. ಮದ್ರಾಸಿನ ಮೈಲಾಪೂರಿನ ಆ ಬೀದಿಯಲ್ಲಿ ಹೂ ಮಾರುವವಳಿಂದ ಇಸ್ತ್ರಿಯವನವರೆಗೆ ಎಲ್ಲರಿಗೂ ಆಕೆ ‘ತುಪ್ಪಾಕಿ ಮಾಮಿ’.

ಮಧ್ವರಾಜರು ಒಮ್ಮೆಯೂ ಅವರ ಜೊತೆ ಹೋಗಿರಲಿಲ್ಲ. ಹೋಗಬಾರದು ಅಂತೇನೂ ಇರಲಿಲ್ಲ. ಆಕೆ ಕರೆದಿರಲಿಲ್ಲ, ಇವರು ಕೇಳಿರಲಿಲ್ಲ, ಅಷ್ಟೇ.

ಅರವತ್ತು ದಾಟಿದ ಮೇಲೆ ವೆಂಕಟಲಕ್ಷ್ಮಿಯವರಿಗೆ ನಳಿಗೆಯ ತುದಿಯ ಗುರಿಮೊನೆ ಮಂಜುಮಂಜಾಗಿ ಕಾಣತೊಡಗಿತು. ಹಿರಿಯರ ವಿಭಾಗದಲ್ಲಿ ದುರ್ಬೀನು ಹಾಕಿಕೊಳ್ಳಲು ಕ್ಲಬ್ಬಿನವರು ಬಿಡುತ್ತಿದ್ದರು. ಹಾಗಾಗಿ ರೈಫಲ್ಲಿನ ಬೆನ್ನ ಮೇಲೆ ಕಬ್ಬಿಣದ ಒಂದು ಪಟ್ಟಿಯನ್ನು ನಾಲ್ಕು ಸಣ್ಣ ಸ್ಕ್ರೂಗಳಿಂದ ಕೂರಿಸಿ, ಅದರ ಮೇಲೆ ಸ್ಕೋಪ್ ಏರಿಸಿದ್ದರು. ಒಂದೆರಡು ವರ್ಷ ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಈಚೆಗೆ ಆಕೆ ಭಾನುವಾರ ಮನೆಗೆ ಬಂದು ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಏನೂ ಮಾತಾಡದೆ ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಒಂದು ಸಂಜೆ ಹುರುಳಿಕಾಯಿ ಸೋಸುತ್ತ ಕೂತಿದ್ದಾಗ ತಾವಾಗಿಯೇ ಹೇಳಿದರು. “ಗುಂಡೆಲ್ಲ ದಿಕ್ಕಾಪಾಲಾಗಿ ಹೋಗ್ತಿದೆ ರೀ. ಒಂದು ಮೇಲೆ, ಒಂದು ಕೆಳಗೆ. ಕೈ ನಡುಗಕ್ಕೆ ಶುರುವಾಗಿದೆ ಅಂತ ಕಾಣತ್ತೆ. ಅಮ್ಮನಿಗೂ ಈ ವಯಸ್ಸಿಗೇ ಬಂದಿತ್ತಲ್ಲ.”

“ನಂಗೇನೂ ನಡುಗೋ ಹಾಗೆ ಕಾಣಲ್ಲಪ್ಪ” ಅಂದರು ಮಧ್ವರಾಜರು.

“ನಿಮಗೆ ಹೇಗೆ ಕಾಣಬೇಕು? ಈ ಸಲ ಲೈಸೆನ್ಸ್ ರಿನ್ಯೂ ಮಾಡೋದು ಬೇಡ ಅಂದ್ಕೊಂಡಿದೀನಿ. ಡೀಲರ್ ಹತ್ರ ಕೊಟ್ಟುಬಿಡೋದು. ಮುಡಿಞ್ಚದು.” ಮುಗಿಯಿತು ಅನ್ನುವುದನ್ನು ಆಕೆ ತಮಿಳಿನಲ್ಲೇ ಹೇಳಿ, ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅಂದಿನಿಂದ ಮಧ್ವರಾಜರು ಹೆಂಡತಿಯ ಕೈಯನ್ನೇ ನೋಡತೊಡಗಿದರು. ಕಾಫಿಯನ್ನು ದವರದ ಬಟ್ಟಲಿನಿಂದ ಲೋಟಕ್ಕೆ ಎತ್ತಿ ಸುರಿಯುವಾಗ, ದೇವರ ಮುಂದೆ ರಂಗೋಲಿಯ ಎಳೆ ಎಳೆಯುವಾಗ, ಸೂಜಿಗೆ ದಾರ ಪೋಣಿಸುವಾಗ. ಎಲ್ಲೂ ನಡುಕ ಕಾಣಲಿಲ್ಲ. ಆದರೆ ತಮ್ಮ ಕಣ್ಣಿಗೆ ಕಾಣಬಾರದು ಎಂಬ ಆಸೆಯಿಂದಲೇ ಕಾಣುತ್ತಿಲ್ಲವೇನೋ ಎಂದು ಅವರಿಗೆ ತಮ್ಮ ಮೇಲೆಯೇ ಅನುಮಾನವಾಯಿತು.

ಹೀಗಿರುವಾಗ ಒಂದು ಗುರುವಾರ ಮಧ್ಯಾಹ್ನ ವೆಂಕಟಲಕ್ಷ್ಮಿಯವರು ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ರೈಫಲ್ ಒರೆಸಲು ಕೂತರು. ಗುಂಡು ಸಿಡಿಸುವ ಬೋಲ್ಟನ್ನು ತೆಗೆದು ಬೀರುವಿನಲ್ಲಿ ಇಟ್ಟಾಗಿತ್ತು. ಸ್ಕೋಪನ್ನೂ ಕಳಚಿ, ಗಾಜು ಒರೆಸಿ, ಪಕ್ಕದಲ್ಲಿ ಮಲಗಿಸಿದ್ದರು. ಅಷ್ಟರಲ್ಲಿ ತಾಂಬರಂನಿಂದ ತಂಗಿ ಮಾಧವಿಯ ಫೋನ್ ಬಂತು. ಅಕ್ಕತಂಗಿಯರ ಮಾತು ಸುಲಭಕ್ಕೆ ಮುಗಿಯುವಂಥದ್ದಲ್ಲ. ಆಕೆ ಫೋನ್ ಹಿಡಿದು ಬಾಲ್ಕನಿಗೆ ಹೋದರು. ಎದುರಿಗೆ ಪೇಪರ್ ಓದುತ್ತ ಕೂತಿದ್ದ ಮಧ್ವರಾಜರು ಸುಮ್ಮನೆ ಬೆರಳು ಚಾಚಿ, ರೈಫಲ್ಲಿನ ಬೆನ್ನ ಮೇಲಿನ ಆ ಕಬ್ಬಿಣದ ಪಟ್ಟಿಯನ್ನು ಮುಟ್ಟಿದರು. ಆಮೇಲೆ ಸ್ವಲ್ಪ ಒತ್ತಿದರು.

ಪಟ್ಟಿ ಅಲ್ಲಾಡಿತು.

ಬಹಳವೇನಲ್ಲ, ಕೂದಲೆಳೆಯಷ್ಟು. ಇನ್ನೊಬ್ಬರಾಗಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಅವು ನೂರಾರು ಕುಕ್ಕರ್ ಹಿಡಿಗಳನ್ನು ಪರೀಕ್ಷಿಸಿದ ಬೆರಳುಗಳು. ಅವರು ಮತ್ತೊಮ್ಮೆ ಒತ್ತಿದರು. ಹೌದು, ಅಲ್ಲಾಡುತ್ತಿದೆ. ಪಟ್ಟಿ ಅಲ್ಲಾಡಿದರೆ ಸ್ಕೋಪ್ ಅಲ್ಲಾಡುತ್ತದೆ, ಸ್ಕೋಪ್ ಅಲ್ಲಾಡಿದರೆ ಗುಂಡು ಇನ್ನೆಲ್ಲಿಗೆ ಹೋಗಬೇಕು? ಮಧ್ವರಾಜರ ಎದೆ ಹಗುರಾಯಿತು. ಲಕ್ಷ್ಮಿಯ ಕೈಯಲ್ಲಿ ಏನೂ ಇಲ್ಲ. ಏನೂ ಇಲ್ಲ.

ಆ ಸಂತೋಷದಲ್ಲೇ ಎದ್ದು ಹೋಗಿ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಡಿಲವಾದದ್ದು ಕಣ್ಣಮುಂದಿದೆ, ಆಕೆಯ ಸಾಮಾನಿನ ಡಬ್ಬಿಯಲ್ಲಿ ಎಲ್ ಆಕಾರದ ಕೀ ಇದೆ. ಬಿಗಿ ಮಾಡಿಟ್ಟು, ಆಮೇಲೆ ಹೇಳಿದರೆ ಇನ್ನೂ ಚೆನ್ನ ಅಂತ ಅವರಿಗೆ ಅನ್ನಿಸಿತು. ಹಿಂದಿನ ಎರಡು ಸ್ಕ್ರೂಗಳು ಸುಲಭವಾಗಿ ಮಣಿದವು. ನಳಿಗೆಯ ಕಡೆಯ ಮುಂದಿನ ಎರಡರಲ್ಲಿ ಒಂದಕ್ಕೆ ಕೀ ಹಾಕಿದರು. ಅದು ಆಗಲೇ ಬಿಗಿಯಾಗಿತ್ತು, ಆದರೂ ಪಟ್ಟಿ ಅಲ್ಲಾಡುತ್ತಿತ್ತು. ಬಿಗಿಯಾಗಿದ್ದೂ ಅಲ್ಲಾಡುತ್ತಿದೆ ಅಂದರೆ ಸಾಲದು ಅಂತ ಅರ್ಥ. ಅವರು ಇನ್ನೊಂದು ಸುತ್ತು ಕೊಟ್ಟರು. ‘ಟಿಕ್’ ಅಂತ ಒಂದು ಸದ್ದಾಗಿ, ಸ್ಕ್ರೂವಿನ ತಲೆ ಕೀಯ ತುದಿಯಲ್ಲೇ ಎದ್ದು ಬಂತು.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಒಂದು ಹೋಯಿತಲ್ಲ, ಇನ್ನು ಭಾರವೆಲ್ಲ ಪಕ್ಕದ್ದರ ಮೇಲೆಯೇ, ಅದನ್ನಾದರೂ ಭದ್ರ ಮಾಡೋಣ ಎಂದು ಅದಕ್ಕೂ ಕೀ ಹಾಕಿದರು. ಅದೂ ‘ಟಿಕ್’ ಅಂದಿತು.

ವೆಂಕಟಲಕ್ಷ್ಮಿಯವರು ಫೋನ್ ಮುಗಿಸಿ ಬಂದಾಗ ಮಧ್ವರಾಜರು ಮೇಜಿನ ಪಕ್ಕದಲ್ಲಿ ಬಲಗೈ ಮುಷ್ಟಿ ಮಾಡಿಕೊಂಡು ನಿಂತಿದ್ದರು.

“ಲಕ್ಷ್ಮಿ, ನಿನ್ನ ಕೈಯಲ್ಲಿ ಏನೂ ತೊಂದ್ರೆ ಇಲ್ಲ” ಅಂದರು. “ಇದು ಅಲ್ಲಾಡ್ತಿತ್ತು.”

“ಅಲ್ಲಾಡ್ತಿತ್ತಾ? ಈಗ?”

“ಈಗ್ಲೂ ಅಲ್ಲಾಡ್ತಿದೆ. ಕೊಂಜ ಜಾಸ್ತಿನೇ.” ಕೊಂಚ ಅನ್ನುವುದು ಅವರ ಬಾಯಲ್ಲಿ ತಮಿಳಿನ ಕೊಂಜವೇ. ಅವರು ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಎರಡು ಕಪ್ಪು ತಲೆಗಳಿದ್ದವು.

ವೆಂಕಟಲಕ್ಷ್ಮಿಯವರು ಕುರ್ಚಿ ಎಳೆದುಕೊಂಡು ಕೂತರು. ಬೈದಿದ್ದರೆ ಮಧ್ವರಾಜರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಕೆ ಬೈಯಲಿಲ್ಲ. ಸ್ಕ್ರೂ ಮುರಿದ ಜಾಗವನ್ನು ಕನ್ನಡಕ ಏರಿಸಿ ನೋಡಿದರು. ಆಮೇಲೆ ರೈಫಲ್ ರಿಪೇರಿ ಮಾಡುವವನಿಗೆ ಫೋನ್ ಮಾಡಿದರು. ಅವನು ಮಗಳ ಮದುವೆಗೆಂದು ತಿರುನೆಲ್ವೇಲಿಗೆ ಹೋಗಿದ್ದ. ಬರುವುದು ತಿಂಗಳ ಕೊನೆಗೆ. ಬಂದಮೇಲೆ ತನ್ನಿ ಮಾಮಿ, ಡ್ರಿಲ್ ಹಾಕಿ ತೂತು ದೊಡ್ಡದು ಮಾಡಿ, ದಪ್ಪ ಸ್ಕ್ರೂ ಹಾಕೋಣ ಅಂದ.

“ತೂತು ದೊಡ್ಡದು ಮಾಡೋದು ಬೇಡ” ಎಂದು ವೆಂಕಟಲಕ್ಷ್ಮಿಯವರು ಫೋನ್ ಇಟ್ಟರು.

“ಬೇರೆ ಅಂಗಡಿ ನೋಡೋಣ. ನಾನೇ ತಗೊಂಡು ಹೋಗ್ತೀನಿ” ಅಂದರು ಮಧ್ವರಾಜರು.

“ಲೈಸೆನ್ಸ್ ಇರೋದು ನನ್ನ ಹೆಸರಲ್ಲಿ. ನೀವು ಇದನ್ನ ಹಿಡ್ಕೊಂಡು ಗೇಟು ದಾಟಿದ್ರೆ ಪೊಲೀಸಿನೋರು ಕರ್ಕೊಂಡು ಹೋಗ್ತಾರೆ. ಆಮೇಲೆ ನಿಮ್ಮನ್ನ ಬಿಡಿಸ್ಕೊಂಡು ಬರಕ್ಕೆ ನಾನೇ ಓಡಾಡಬೇಕು.” ಆಕೆ ರೈಫಲ್ಲನ್ನು ಪಂಚೆಯಲ್ಲಿ ಸುತ್ತಿದರು. “ಇರ್ಲಿ ಬಿಡಿ. ಹೇಗಿದ್ರೂ ಕೊಟ್ಟುಬಿಡೋದು ತಾನೇ.”

ಮಧ್ವರಾಜರಿಗೆ ಆ ಮಾತು ತಾಗಿತು. ತಾವು ಕಂಡುಹಿಡಿದದ್ದನ್ನು ಆಕೆ ನಂಬಿಯೇ ಇಲ್ಲ. ಸ್ಕ್ರೂ ಮುರಿದದ್ದಷ್ಟೇ ಆಕೆಗೆ ಕಂಡಿತು. ಸ್ಕ್ರೂ ಸರಿಯಾಗಿ ಕೂತು ಆಕೆ ಮತ್ತೊಮ್ಮೆ ಗುರಿ ಹೊಡೆಯುವವರೆಗೆ, ಕೆಟ್ಟದ್ದು ಕೈಯಲ್ಲ ಅನ್ನುವುದನ್ನು ತೋರಿಸಲು ದಾರಿಯೇ ಇಲ್ಲ.

ಮಾರನೆಯ ದಿನ ಕೆಳಗಿನ ಮನೆಯ ಮೌನ ಎಂಬ ಹುಡುಗಿ ಮಧ್ವರಾಜರನ್ನು ಕರೆದಳು. ಅವಳೂ ಗಂಡ ವರುಣನೂ ಚನ್ನರಾಯಪಟ್ಟಣದ ಕಡೆಯವರು, ಮದ್ರಾಸಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೌನ ಹಲ್ಲಿನ ಡಾಕ್ಟರು, ಲಸ್ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಬಂದ ಹೊಸತರಲ್ಲಿ ಅವಳಿಗೆ ತಮಿಳು ಒಂದಕ್ಷರ ಬರುತ್ತಿರಲಿಲ್ಲ. ಮೇಲಿನ ಮನೆಯಲ್ಲಿ ಕನ್ನಡ ಕೇಳಿಸಿದ ದಿನ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡಿದ್ದಳು.

“ಅಂಕಲ್, ಸಿಂಕಿನ ನಲ್ಲಿ ಸೋರ್ತಾ ಐತೆ. ವಸಿ ಬಿಗಿ ಮಾಡ್ಕೊಡ್ತೀರಾ?”

“ಇವತ್ತು ನನ್ನ ಕೈಗೆ ಏನೂ ಕೊಡಬೇಡಮ್ಮ” ಅಂದರು ಮಧ್ವರಾಜರು.

ಅವರ ಬಾಯಿಂದ ಇಂಥ ಮಾತು ಮೌನ ಕೇಳಿಯೇ ಇರಲಿಲ್ಲ. ಅವರನ್ನು ಕೂರಿಸಿ ಮಜ್ಜಿಗೆ ಕೊಟ್ಟು, ಏನಾಯಿತು ಅಂತ ಕೇಳಿದಳು. ಮಧ್ವರಾಜರು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಎರಡನೆಯ ‘ಟಿಕ್’ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಒಂದು ಗಳಿಗೆ ಯೋಚಿಸಿ, ಫೋನಿನಲ್ಲಿ ಒಂದು ಎಕ್ಸ್‌ರೇ ತೆಗೆದು ತೋರಿಸಿದಳು. ದವಡೆಯ ಮೂಳೆಯೊಳಗೆ ಒಂದು ಲೋಹದ ಬೇರು. ಅದರೊಳಗೆ ತುಂಡಾಗಿ ನಿಂತ ಒಂದು ಸ್ಕ್ರೂ.

“ಕಟ್ಟಿಸಿದ ಹಲ್ಲು ಕೂರೋದು ಇದರ ಮ್ಯಾಲೆ. ಗಟ್ಟಿ ಏನಾದ್ರೂ ಕಚ್ಚಿದ್ರೆ ಹಿಂಗೇ ತಲೆ ಹಾರೋಗುತ್ತೆ. ಮೂಳೆ ಒಳಗೆ ಡ್ರಿಲ್ ಹಾಕೋಕಾಗುತ್ತಾ? ನಾವು ತಿರುಗಿಸಿ ತಿರುಗಿಸಿ ಹೊರಗೆ ತರ್ತೀವಿ. ನಿಮ್ಮ ರೈಫಲ್ಲಿನ ಸ್ಕ್ರೂ ಇದಕ್ಕಿಂತ ದೊಡ್ಡದೇ ಇರಬೇಕು.”

“ಅಂದ್ರೆ ನೀನು ತೆಗೀತೀಯಾ?”

“ಆಗುತ್ತೆ ಅಂತ ಮಾತು ಕೊಡಲ್ಲ ಅಂಕಲ್. ನೋಡ್ತೀನಿ ಅಂತ ಹೇಳ್ತೀನಿ. ಆಂಟಿ ಒಪ್ಪಬೇಕು, ಆಂಟಿ ಎದುರಿಗೇ ಆಗಬೇಕು.”

ಶನಿವಾರ ಮಧ್ಯಾಹ್ನ ಮೌನ ಕ್ಲಿನಿಕ್ಕಿನ ಹಿರಿಯ ಡಾಕ್ಟರನ್ನು ಕೇಳಿ, ಒಂದು ಚೀಲದಲ್ಲಿ ಸಾಮಾನು ತುಂಬಿಕೊಂಡು ಮೇಲೆ ಬಂದಳು. ವೆಂಕಟಲಕ್ಷ್ಮಿಯವರು ಬೀರು ತೆಗೆದು ರೈಫಲ್ ತಂದರು. ಮುಖದಲ್ಲಿ ಅಷ್ಟೇನೂ ಉತ್ಸಾಹವಿರಲಿಲ್ಲ. ಆದರೆ ಹುಡುಗಿ ಮನಸ್ಸಿಟ್ಟು ಬಂದಿದ್ದಾಳೆ, ಬೇಡ ಅನ್ನಲೂ ಮನಸ್ಸಾಗಲಿಲ್ಲ.

“ಗುಂಡುಗಿಂಡು ಏನೂ ಇಲ್ವಲ್ಲ ಆಂಟಿ?”

ವೆಂಕಟಲಕ್ಷ್ಮಿಯವರು ಬೋಲ್ಟ್ ಇಲ್ಲದ ಖಾಲಿ ಜಾಗ ತೋರಿಸಿ, ನಳಿಗೆಯನ್ನು ಕಿಟಕಿಯ ಕಡೆ ಎತ್ತಿ, ಆ ತುದಿಯಿಂದ ಈ ತುದಿಗೆ ಬೆಳಕು ಕಾಣುವುದನ್ನು ಅವಳಿಗೆ ತೋರಿಸಿದರು. “ಕೇಳಿದ್ದು ಒಳ್ಳೇದಾಯ್ತು. ಯಾರ ಮನೇಲಿ ಮುಟ್ಟಿದ್ರೂ ಮೊದಲು ಇದನ್ನ ಕೇಳಬೇಕು” ಅಂದರು. ಕಾಲೇಜಿನ ಮೇಡಂ ದನಿ ತಾನಾಗಿ ಬಂದಿತ್ತು.

ದಿಂಬುಗಳ ನಡುವೆ ರೈಫಲ್ಲನ್ನು ಅಲುಗಾಡದಂತೆ ಕೂರಿಸಿದರು. ಮೌನ ಹಣೆಗೆ ದೀಪ ಕಟ್ಟಿ, ಕಣ್ಣಿಗೆ ಭೂತಗನ್ನಡಿಯ ಕನ್ನಡಕ ಏರಿಸಿದಳು. ಮುರಿಯದೆ ಉಳಿದಿದ್ದ ಹಿಂದಿನ ಎರಡು ಸ್ಕ್ರೂಗಳನ್ನು ತೆಗೆದಾಗ ಪಟ್ಟಿ ಕೈಗೆ ಬಂತು. ಕೆಳಗೆ ಮುರಿದ ತುಂಡುಗಳು ಕಂಡವು. ಒಂದು ಮೇಲಕ್ಕೆ ಕೊಂಚ ತಲೆ ಎತ್ತಿತ್ತು. ಇನ್ನೊಂದು ತೂತಿನ ಒಳಗೇ ಅಡಗಿತ್ತು.

“ಒಳಗೆ ಅಂಟು ಹಾಕವ್ರೆ. ಕಾಸಬೇಕು” ಅಂದಳು ಮೌನ.

ಮಧ್ವರಾಜರ ಹತ್ತಿರ ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿ ಇತ್ತು. ಅವರು ಅದನ್ನು ತಂದು ಪ್ಲಗ್ಗಿಗೆ ಹಾಕಿ, ಕಾಯಿಸಿ, ಮೌನಳ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಬಿಸಿ ತುದಿಯನ್ನು ಸ್ಕ್ರೂವಿನ ಮೇಲೆ ಒತ್ತಿ ಹಿಡಿದಾಗ ಅಂಟು ಕರಗಿದ ಸಣ್ಣ ವಾಸನೆ ಎದ್ದಿತು. ತಲೆ ಎತ್ತಿದ್ದ ತುಂಡನ್ನು ಅವಳು ಚೂಪು ಇಕ್ಕಳದಿಂದ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ, ಆಮೇಲೆ ಎಡಕ್ಕೇ ತಿರುಗಿಸುತ್ತ ಹೋದಳು. ಅದು ಬಂತು. ವೆಂಕಟಲಕ್ಷ್ಮಿಯವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

ಎರಡನೆಯದು ಅಷ್ಟು ಸುಲಭಕ್ಕೆ ಮಾತು ಕೇಳಲಿಲ್ಲ. ಮೌನ ಹಲ್ಲಿನ ಕಿಟ್ಟ ತೆಗೆಯುವ ಯಂತ್ರ ಹೊರಗೆ ತೆಗೆದಳು. ಅದರ ಕೊಕ್ಕೆಯಂಥ ತುದಿ ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗುತ್ತದೆ. ಅದು ‘ಕುಂಯ್’ ಎಂದು ಸದ್ದು ಮಾಡಿದ ಕೂಡಲೇ ಮಧ್ವರಾಜರ ಕೈ ತಾನಾಗಿ ತಮ್ಮ ದವಡೆಗೆ ಹೋಯಿತು.

“ಅಂಕಲ್, ನಿಮ್ಮ ಹಲ್ಲಿಗಲ್ಲ” ಅಂದಳು ಮೌನ, ತಲೆ ಎತ್ತದೆ.

ತುಂಡಿನ ಅಂಚಿಗೆ ತುದಿಯನ್ನು ತಾಗಿಸಿ ಎಡಕ್ಕೆ ತಳ್ಳುತ್ತ ಬಹಳ ಹೊತ್ತು ಪ್ರಯತ್ನಿಸಿದಳು. ತುಂಡು ಒಂದಿಷ್ಟು ಕದಲಿದಂತೆ ಕಾಣುತ್ತಿತ್ತು, ಮತ್ತೆ ಅಲ್ಲೇ ನಿಲ್ಲುತ್ತಿತ್ತು. ವೆಂಕಟಲಕ್ಷ್ಮಿಯವರು ಎದ್ದು ಹೋಗಿ ಕಾಫಿ ಮಾಡಿ ತಂದರು. ಮೌನ ಅದನ್ನು ಕುಡಿದು, ಕುತ್ತಿಗೆ ತಿರುಗಿಸಿ, ಇನ್ನೊಂದು ಉಪಾಯ ಹೇಳಿದಳು. ಹಲ್ಲು ಕೊರೆಯುವ, ಕೂದಲಿನಷ್ಟು ಸಣ್ಣ ಮೊನೆಯ ಕಡ್ಡಿ ಇದೆ. ಅದರಿಂದ ತುಂಡಿನ ತಲೆಯ ಮೇಲೆ ಅಡ್ಡಕ್ಕೆ ಒಂದು ಗೀರು ಕೊರೆಯುವುದು. ಆಗ ಅದಕ್ಕೆ ಸ್ಕ್ರೂಡ್ರೈವರ್ ಹಾಕಲು ಬರುತ್ತದೆ.

ಗೀರು ಕೊರೆದದ್ದಾಯಿತು. ಮಧ್ವರಾಜರು ಕನ್ನಡಕ ರಿಪೇರಿಯ ಪುಟ್ಟ ಸ್ಕ್ರೂಡ್ರೈವರ್ ತಂದಿಟ್ಟರು. ಆದರೆ ಮೌನಳಿಗೆ ಇರುವುದು ಎರಡೇ ಕೈ. ಒಂದರಲ್ಲಿ ಯಂತ್ರ ಹಿಡಿದು ನಡುಗಿಸುತ್ತಿರಬೇಕು, ಇನ್ನೊಂದರಲ್ಲಿ ಬಿಸಿ ಕಡ್ಡಿಯನ್ನು ತೂತಿನ ಅಂಚಿಗೆ ಒತ್ತಿ ಹಿಡಿಯಬೇಕು.

“ಆಂಟಿ, ತಿರುಗಿಸೋದು ನೀವೇ ಮಾಡಬೇಕು.”

“ನಾನಾ? ಬೇಡಮ್ಮ. ನನ್ನ ಕೈ ನಡುಗತ್ತೆ. ಇವರು ಮಾಡ್ಲಿ.”

ಇಬ್ಬರು ಹೆಂಗಸರೂ ಮಧ್ವರಾಜರ ಮುಖ ನೋಡಿದರು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನಾನು ಮುಟ್ಟಲ್ಲ” ಅಂದರು. “ಪ್ರಾಣ ಹೋದ್ರೂ ಮುಟ್ಟಲ್ಲ.”

ಬೇರೆ ದಾರಿಯಿರಲಿಲ್ಲ. ವೆಂಕಟಲಕ್ಷ್ಮಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲ ಮೊಣಕೈಯನ್ನು ದಿಂಬಿನ ಮೇಲೆ ಊರಿದರು. ಸ್ಕ್ರೂಡ್ರೈವರನ್ನು ಎರಡು ಬೆರಳಲ್ಲಿ ಹಿಡಿದರು. ಆಮೇಲೆ ಉಸಿರು ಎಳೆದುಕೊಂಡು, ಅರ್ಧ ಬಿಟ್ಟು, ಉಳಿದರ್ಧವನ್ನು ಹಾಗೇ ನಿಲ್ಲಿಸಿದರು. ಹೀಗೆ ಮಾಡಬೇಕೆಂದು ಅವರು ಎಷ್ಟು ಹುಡುಗಿಯರಿಗೆ ಹೇಳಿಕೊಟ್ಟಿದ್ದರೋ. ಮಧ್ವರಾಜರು ಅದನ್ನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯ ಮುಖದಲ್ಲಿ ಈ ನಿಶ್ಚಲತೆಯನ್ನು ಅವರು ಕಂಡಿರಲಿಲ್ಲ. ಸುತ್ತಲಿನ ಮನೆ, ಬೀದಿಯ ಹಾರ್ನು, ಯಂತ್ರದ ‘ಕುಂಯ್’, ಎಲ್ಲ ಎಲ್ಲೋ ದೂರ ಸರಿದು, ಆ ಪುಟ್ಟ ಗೀರೊಂದೇ ಆಕೆಯ ಎದುರಿಗೆ ಉಳಿದ ಹಾಗಿತ್ತು.

ಮಧ್ವರಾಜರು ಸ್ಕ್ರೂಡ್ರೈವರಿನ ತುದಿಯನ್ನು ನೋಡಿದರು. ಮೌನಳ ಹಣೆಯ ದೀಪದ ಬೆಳಕು ಅದರ ಮೇಲೆ ಬಿದ್ದು ಚುಕ್ಕಿಯಾಗಿ ಹೊಳೆಯುತ್ತಿತ್ತು. ಕೈ ನಡುಗಿದರೆ ಆ ಚುಕ್ಕಿಯೂ ನಡುಗಬೇಕು. ಅದು ನಿಂತಲ್ಲೇ ನಿಂತಿತ್ತು.

“ಮೆಲ್ಲಕೆ ಆಂಟಿ. ಬಂತು ಬಂತು. ಒಂದು ಚೂರು ಹಿಂದಕ್ಕೆ ಬಿಡಿ. ಈಗ ಮತ್ತೆ ತಿರುಗಿಸಿ.”

ತುಂಡು ತಿರುಗಿತು. ಕಾಲು ಸುತ್ತು, ಅರ್ಧ ಸುತ್ತು. ಆಮೇಲೆ ಅದು ಏನೂ ತಕರಾರಿಲ್ಲದೆ ಮೇಲೆ ಬರತೊಡಗಿತು. ಮೌನ ಯಂತ್ರ ನಿಲ್ಲಿಸಿದಳು. ಕೊನೆಯ ಸುತ್ತನ್ನು ವೆಂಕಟಲಕ್ಷ್ಮಿಯವರು ಇಕ್ಕಳದಿಂದ ಹಿಡಿದು ತಿರುಗಿಸಿ, ತುಂಡನ್ನು ಎತ್ತಿ ಪಂಚೆಯ ಮೇಲೆ ಇಟ್ಟು, ಅಷ್ಟು ಹೊತ್ತು ಹಿಡಿದಿದ್ದ ಉಸಿರು ಬಿಟ್ಟರು. ತೂತಿನೊಳಗಿನ ತಿರುಪಿನ ಎಳೆಗಳಿಗೆ ಒಂದಿಷ್ಟೂ ಪೆಟ್ಟಾಗಿರಲಿಲ್ಲ.

“ಯಾರ ಕೈ ಆಂಟಿ ನಡುಗೋದು?” ಅಂದಳು ಮೌನ.

ವೆಂಕಟಲಕ್ಷ್ಮಿಯವರು ತಮ್ಮ ಬಲಗೈಯನ್ನು ಒಮ್ಮೆ ಮಗುಚಿ ನೋಡಿಕೊಂಡರು.

ಮಧ್ವರಾಜರು ಆ ಹೊತ್ತಿಗೆ ನಾಲ್ಕು ಸ್ಕ್ರೂಗಳನ್ನೂ ಸಾಲಾಗಿ ಜೋಡಿಸಿ, ಮುರಿದವುಗಳಿಗೆ ಅವುಗಳ ತಲೆ ಸೇರಿಸಿ ಇಟ್ಟಿದ್ದರು. “ಇದ್ಯಾಕೆ ಹೀಗಿದೆ?” ಅಂದರು. ಮುರಿದ ಎರಡು ಉದ್ದವಾಗಿದ್ದವು, ಹಿಂದಿನಿಂದ ಬಂದ ಎರಡು ಗಿಡ್ಡ. ಮೌನ ಹಲ್ಲಿನ ಆಳ ನೋಡುವ ಕಡ್ಡಿಯನ್ನು ರೈಫಲ್ಲಿನ ತೂತುಗಳಿಗೆ ಒಂದೊಂದಾಗಿ ಇಳಿಸಿದಳು. ಮುಂದಿನ ತೂತುಗಳು ಆಳವಿಲ್ಲ, ಹಿಂದಿನವು ಆಳ. ಉದ್ದನೆಯ ಸ್ಕ್ರೂಗಳು ಆಳವಿಲ್ಲದ ತೂತಿಗೆ ಬಿದ್ದಿದ್ದವು. ಪಟ್ಟಿಯನ್ನು ಒತ್ತಿ ಹಿಡಿಯುವ ಮೊದಲೇ ಅವುಗಳ ತುದಿ ತಳ ಮುಟ್ಟಿ ನಿಂತುಬಿಟ್ಟಿತ್ತು. ಕೀ ಹಾಕಿದವರಿಗೆ ಬಿಗಿ ಅನ್ನಿಸುತ್ತದೆ, ಪಟ್ಟಿ ಮಾತ್ರ ಅಲ್ಲಾಡುತ್ತಲೇ ಇರುತ್ತದೆ.

ವೆಂಕಟಲಕ್ಷ್ಮಿಯವರು ಆ ನಾಲ್ಕನ್ನೂ ನೋಡುತ್ತ ಕೂತರು. ಅವರ ಕಿವಿ ಸ್ವಲ್ಪ ಕೆಂಪಾಯಿತು.

“ಇದು ನಾನೇ ಮಾಡಿದ್ದು” ಅಂದರು ನಿಧಾನವಾಗಿ. “ಡಿಸೆಂಬರಿನ ಮಳೇಲಿ ಪಟ್ಟಿ ಕೆಳಗೆ ತುಕ್ಕು ಬಂದಿತ್ತು. ಬಿಚ್ಚಿ ಎಣ್ಣೆ ಹಾಕಿ, ಅಂಟು ಹಚ್ಚಿ ಮತ್ತೆ ಕೂರಿಸಿದೆ. ಹಿಂದಿಂದು ಮುಂದೆ ಹಾಕ್ಬಿಟ್ಟಿದೀನಿ. ಬಿಚ್ಚಿದ್ದನ್ನ ಬಿಚ್ಚಿದ ಕ್ರಮದಲ್ಲೇ ಜೋಡಿಸಿಡಿ ಅಂತ ಹುಡುಗೀರಿಗೆಲ್ಲ ಪಾಠ ಹೇಳ್ತಿದ್ದೆ.”

“ಅಂದ್ರೆ ನಾನು ಬಿಗಿ ಮಾಡದೆ ಇದ್ದಿದ್ರೂ...” ಎಂದು ಮಧ್ವರಾಜರು ಬಾಯಿ ತೆಗೆದರು.

“ನೀವು ಬಿಗಿ ಮಾಡದೆ ಇದ್ದಿದ್ರೆ ಮುರೀತಿರ್ಲಿಲ್ಲ” ಅಂದರು ವೆಂಕಟಲಕ್ಷ್ಮಿಯವರು. “ಮುರೀದೆ ಇದ್ದಿದ್ರೆ ಗೊತ್ತೂ ಆಗ್ತಿರ್ಲಿಲ್ಲ.” ಹೇಳುತ್ತಲೇ ಅವರಿಗೆ ನಗು ಬಂತು. ಮೊದಲು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು, ಆಮೇಲೆ ಹಿಡಿಯಲಾಗದೆ ಬಿಟ್ಟುಬಿಟ್ಟರು. ಮಧ್ವರಾಜರಿಗೂ ನಗು ಬಂತು. ಮೌನ ಇಬ್ಬರನ್ನೂ ನೋಡಿ, ಹಣೆಯ ದೀಪ ಆರಿಸಿ, “ಊಟ ಹಾಕಿದ್ರೆ ತಿಂದು ಹೋಗ್ತೀನಿ ಆಂಟಿ, ಇವತ್ತು ವರುಣ್ ಇಲ್ಲ” ಅಂದಳು. ಅವಳಿಗಾಗಿ ಅಂದು ಸಂಜೆ ಆ ಮನೆಯಲ್ಲಿ ಬಿಸಿಬಿಸಿ ಅಕ್ಕಿರೊಟ್ಟಿ ಆಯಿತು. ಮದ್ರಾಸಿಗೆ ಬಂದ ಮೇಲೆ ಇದೇ ಮೊದಲು ತಿನ್ನುತ್ತಿರುವುದು ಎಂದು ಅವಳು ಮೂರು ರೊಟ್ಟಿ ತಿಂದಳು.

ಸೋಮವಾರ ಮಧ್ವರಾಜರು ಮುರಿದ ಸ್ಕ್ರೂಗಳನ್ನು ಕುಂಕುಮದ ಭರಣಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಪ್ಯಾರೀಸ್ ಕಾರ್ನರಿಗೆ ಹೋದರು. ಕೆಲಸದಲ್ಲಿದ್ದಾಗ ದಿನಾ ಓಡಾಡುತ್ತಿದ್ದ ಬೀದಿಗಳು. ಗಲ್ಲಿಯೊಳಗೆ ಗಲ್ಲಿ ಹೊಕ್ಕು, ಅಂಗಡಿಯಿಂದ ಅಂಗಡಿಗೆ ಕಳಿಸಿಕೊಂಡು, ಬಿಸಿಲಲ್ಲಿ ಬೆವರಿ, ಕೊನೆಗೆ ಬಂದೂಕಿನ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಅದೇ ಅಳತೆಯ, ಅದೇ ತಿರುಪಿನ ಸ್ಕ್ರೂ ಸಿಕ್ಕಿತು. ಅಂಗಡಿಯವನು ಅವರ ಹಿಗ್ಗು ನೋಡಿ, ಮೊಮ್ಮಗನಿಗಾ ಸಾರ್ ಅಂತ ತಮಿಳಿನಲ್ಲಿ ಕೇಳಿದ. “ಅಲ್ಲಪ್ಪ, ಹೆಂಡತಿಗೆ” ಎಂದು ಮಧ್ವರಾಜರು ತಮಿಳಿನಲ್ಲೇ ಹೇಳಿ, ಅವನ ಮುಖ ನೋಡಲು ಅಲ್ಲೇ ಸ್ವಲ್ಪ ಹೊತ್ತು ನಿಂತರು.

ಹೊಸ ಸ್ಕ್ರೂಗಳನ್ನು ಕೂರಿಸಿದ್ದು ವೆಂಕಟಲಕ್ಷ್ಮಿಯವರೇ. ಗಿಡ್ಡವು ಮುಂದೆ, ಉದ್ದವು ಹಿಂದೆ, ಕೀಯನ್ನು ಎರಡೇ ಬೆರಳಲ್ಲಿ ಹಿಡಿದು. ಮಧ್ವರಾಜರು ಪಕ್ಕದಲ್ಲಿ ಕೂತು ದೀಪ ಹಿಡಿದಿದ್ದರು.

ಶನಿವಾರ ಪೆಟ್ಟಿಗೆ ಸಿದ್ಧ ಮಾಡುತ್ತ ವೆಂಕಟಲಕ್ಷ್ಮಿಯವರು ಕೇಳಿದರು. “ನಾಳೆ ಬರ್ತೀರಾ?”

“ಎಲ್ಲಿಗೆ?”

“ಇನ್ನೆಲ್ಲಿಗೆ? ರೇಂಜಿಗೆ.”

“ನೀನು ಯಾವತ್ತೂ ಕರೆದಿಲ್ಲ.”

“ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಬ್ರಾಹ್ಮಣರ ಮನೇಲಿ ತುಪ್ಪಾಕಿ ಯಾಕೆ ಅಂತ ನಿಮ್ಮಮ್ಮ ಅಂದಾಗ ನೀವು ಸುಮ್ಮನಿದ್ರಲ್ಲ.”

“ಅಮ್ಮನ ಎದುರಿಗೆ ನಾನು ಯಾವಾಗ ಮಾತಾಡಿದೀನಿ?” ಅಂದರು ಮಧ್ವರಾಜರು. “ಅದು ನಿನ್ನ ಜಾಗ, ನಾನು ಬಂದ್ರೆ ನಿಂಗೆ ಸಂಕೋಚ ಆಗತ್ತೆ ಅಂದ್ಕೊಂಡಿದ್ದೆ.”

ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟರು. ಮಾರನೆಯ ಬೆಳಗ್ಗೆ ಆಟೋದಲ್ಲಿ ಪೆಟ್ಟಿಗೆ ಇಬ್ಬರ ಮಂಡಿಯ ಮೇಲೂ ಅಡ್ಡವಾಗಿ ಮಲಗಿತ್ತು.

ರೇಂಜಿನಲ್ಲಿ ಬಂದೂಕುಗಳನ್ನು ತಪಾಸಣೆ ಮಾಡುವ ಕ್ಲಬ್ಬಿನ ಆರ್ಮರರ್ ರೈಫಲ್ಲನ್ನು ಬಿಚ್ಚಿ ನೋಡಿದ. ನಡೆದದ್ದನ್ನು ತಿಳಿದು, ಮುರಿದ ತುಂಡು ತೆಗೆದವರು ಯಾರು ಎಂದು ಕೇಳಿದ. ಹಲ್ಲಿನ ಡಾಕ್ಟರು ಅಂದಾಗ ಮತ್ತೊಮ್ಮೆ ಬಗ್ಗಿ ನೋಡಿ, ಸರಿ ಎಂದು ತಲೆಯಾಡಿಸಿದ. ತನ್ನ ಅಳತೆಯ ಕೀಯಿಂದ ನಾಲ್ಕೂ ಸ್ಕ್ರೂಗಳಿಗೆ ಎಷ್ಟು ಬೇಕೋ ಅಷ್ಟೇ ಬಿಗಿ ಕೊಟ್ಟ. ಬಿಗಿ ಸಾಕಾದ ಕೂಡಲೇ ಆ ಕೀ ‘ಕಟಕ್’ ಎಂದು ತಾನೇ ನಿಲ್ಲುತ್ತಿತ್ತು. ಮಧ್ವರಾಜರು ಅದನ್ನು ಆಸೆಗಣ್ಣಿನಿಂದ ನೋಡಿದರು.

ವೆಂಕಟಲಕ್ಷ್ಮಿಯವರು ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿ, ಮೇಜಿನ ಮುಂದೆ ಕೂತು, ಮರಳುಚೀಲದ ಮೇಲೆ ರೈಫಲ್ ಊರಿದರು. ಹಿರಿಯರಿಗೆ ಬೋರಲು ಮಲಗುವ ಕಷ್ಟವಿಲ್ಲ. ಮಧ್ವರಾಜರ ಕಿವಿಗೆ ಆಕೆಯೇ ಮುಚ್ಚಳ ಹಾಕಿ, ಹಿಂದೆ ಕೂರಿಸಿದ್ದರು. ಮೊದಲ ಗುಂಡಿಗೆ ಅವರು ಬೆಚ್ಚಿಬಿದ್ದರು. ಎರಡನೆಯದಕ್ಕೆ ಅಷ್ಟಿಲ್ಲ. ಹೊಸದಾಗಿ ಕೂತ ಸ್ಕೋಪನ್ನು ತಿದ್ದಿ ಸರಿಮಾಡಲು ಒಂದಿಷ್ಟು ಗುಂಡು ಹೋದವು. ಆಮೇಲೆ ಆಕೆ ಹೊಸ ಕಾರ್ಡು ಹಾಕಿಸಿ, ಹತ್ತು ಗುಂಡು ಹೊಡೆದರು. ಅವಸರವಿಲ್ಲ. ಪ್ರತಿಸಲವೂ ಉಸಿರು ಎಳೆದು, ಅರ್ಧ ಬಿಟ್ಟು.

ಕಾರ್ಡು ಕೈಗೆ ಬಂದಾಗ ಇಬ್ಬರೂ ತಲೆ ಸೇರಿಸಿ ನೋಡಿದರು. ಎಂಟು ತೂತುಗಳು ಒಂದು ರೂಪಾಯಿ ನಾಣ್ಯದ ಅಗಲದಲ್ಲಿ ಒತ್ತಿಕೊಂಡು ಕೂತಿದ್ದವು. ಇನ್ನೆರಡು ದೂರ, ಕೆಳಗೆ ಬಲಕ್ಕೆ.

“ನೋಡು, ನಾನು ಹೇಳ್ಲಿಲ್ವಾ” ಅಂದರು ಮಧ್ವರಾಜರು. “ಸ್ಕ್ರೂದೇ.”

ವೆಂಕಟಲಕ್ಷ್ಮಿಯವರು ದೂರದ ಎರಡು ತೂತುಗಳ ಮೇಲೆ ಬೆರಳಿಟ್ಟರು. “ಇವೆರಡು ನನ್ನವು ರೀ. ಟ್ರಿಗರ್ ಎಳೆಯೋವಾಗ ಗೊತ್ತಾಯ್ತು, ಕೈ ಒಂದು ಚೂರು ಜಗ್ಗಿತು. ಸ್ಕ್ರೂ ಮೇಲೆ ಹಾಕೋ ಹಾಗಿಲ್ಲ.”

ಮಧ್ವರಾಜರ ಮುಖ ಸಣ್ಣದಾಯಿತು.

“ಅದಕ್ಯಾಕೆ ಮುಖ ಬಾಡಿಸ್ತೀರಿ? ಹತ್ತರಲ್ಲಿ ಎರಡು ತಾನೇ. ಅದಿರ್ಲಿ, ವಯಸ್ಸಾಗಿದೆ. ಹತ್ತೂ ಕೈಯಿಂದಲೇ ತಪ್ಪಿ ಹೋಗ್ತಿದೆ ಅಂದ್ಕೊಂಡಿದ್ದೆ ನಾನು.” ಆಕೆ ಕಾರ್ಡನ್ನು ಮಡಿಸದೆ ಪೆಟ್ಟಿಗೆಯ ಮುಚ್ಚಳದೊಳಗೆ ಸಿಕ್ಕಿಸಿದರು. “ಲೈಸೆನ್ಸಿನ ಅರ್ಜಿ ಈ ವಾರ ಕೊಡಬೇಕು. ನೀವೂ ಬನ್ನಿ ಜೊತೆಗೆ. ಆ ಆಫೀಸಿನಲ್ಲಿ ಕಾಯೋದು ಬೇಜಾರು.”

ಅಷ್ಟು ಹೇಳಿ ಪಕ್ಕದ ಮೇಜಿನಿಂದ ಮೂರು ಕಾಲಿನ ಮೇಲೆ ನಿಲ್ಲುವ ದುರ್ಬೀನೊಂದನ್ನು ತಂದು, ಅವರ ಕುರ್ಚಿಯ ಮುಂದೆ ಇಟ್ಟು, ಕಣ್ಣಿಗೆ ಸರಿಯಾಗಿ ಹೊಂದಿಸಿಕೊಟ್ಟರು. ಮಧ್ವರಾಜರು ಒಂದು ಕಣ್ಣು ಮುಚ್ಚಿ ನೋಡಿದರು. ಅಷ್ಟು ದೂರದಲ್ಲಿ ಹಾಕಿಸಿದ್ದ ಹೊಸ ಬಿಳಿ ಕಾರ್ಡು ಕೈಯಳತೆಯಲ್ಲಿ ಬಂದು ನಿಂತಿತ್ತು. ಕರಿಯ ವೃತ್ತ, ಅದರೊಳಗಿನ ಸಣ್ಣ ವೃತ್ತ, ಎಲ್ಲವೂ ನಿಚ್ಚಳ.

“ಗುಂಡು ಎಲ್ಲಿ ಬಿತ್ತು ಅಂತ ಪ್ರತಿಸಲ ನನಗೆ ಹೇಳಬೇಕು. ಸುಮ್ಮನೆ ಚೆನ್ನಾಗಿದೆ ಅನ್ನೋದಲ್ಲ. ಗಡಿಯಾರದ ಲೆಕ್ಕದಲ್ಲಿ ಹೇಳಿ. ಹನ್ನೆರಡು ಅಂದ್ರೆ ಮೇಲೆ, ಆರು ಅಂದ್ರೆ ಕೆಳಗೆ.”

“ಗೊತ್ತಾಯ್ತು” ಅಂದರು ಮಧ್ವರಾಜರು.

ಆಕೆ ಕೂತರು. ಗುಂಡು ಹೊಡೆದ ಸದ್ದಾಯಿತು. ಈ ಸಲ ಮಧ್ವರಾಜರು ಬೆಚ್ಚಲಿಲ್ಲ, ದುರ್ಬೀನಿನಿಂದ ಕಣ್ಣು ತೆಗೆಯಲೂ ಇಲ್ಲ.

“ಎಲ್ಲಿ?” ಎಂದು ವೆಂಕಟಲಕ್ಷ್ಮಿಯವರು ಹಿಂದಿರುಗಿ ನೋಡದೆ ಕೇಳಿದರು.

“ಎರಡು ಗಂಟೆ” ಅಂದರು ಅವರು. “ಕೊಂಜ ಮೇಲೆ.”